ಇಟ್ಟಿಗೆಯ ರೈಲುಗಾಡಿ

ವೈಟ್‌ಫೀಲ್ಡಿನಲ್ಲಿ ಎರಡು ಬಗೆಯ ಹಳಿಗಳುಂಟು. 1864ರಲ್ಲಿ ಬೆಂಗಳೂರನ್ನು ಜೋಲಾರ್‌ಪೇಟೆಗೆ ಕೂಡಿಸಿದ ರೈಲುಮಾರ್ಗದ ಹಳಿಗಳ ನಡುವಣ ಅಂತರವು 1676 ಮಿಲಿಮೀಟರು. 2023ರಲ್ಲಿ ಕಾಡುಗೋಡಿಗೆ ಬಂದ ಮೆಟ್ರೋವಿನದು 1435. ಲೆಗೋ ಎಂಬ ಆಟಿಕೆಯ ಇಟ್ಟಿಗೆಗಳಿಂದ ಇವೆರಡನ್ನೂ ಮನೆಯಲ್ಲಿ ಕಟ್ಟಹೊರಟವರಿಗೆ ದೊರೆಯುವ ಸಾಧಾರಣ ಹಳಿಯಾದರೋ ಒಂದೇ ಅಳತೆಯದು, ಸುಮಾರು 37.5 ಮಿಲಿಮೀಟರು. ಆದುದರಿಂದ ರೈಲು ನಿಜದ 45ರಲ್ಲೊಂದು ಪಾಲಾಗಬೇಕು, ಮೆಟ್ರೋ 38ರಲ್ಲೊಂದು ಪಾಲು. ಇದರಿಂದಾಗುವ ವಿಚಿತ್ರವನ್ನು ನೋಡಿರಿ: 3.24 ಮೀಟರು ಅಗಲದ ರೈಲುಬೋಗಿ 72 ಮಿಲಿಮೀಟರಾದರೆ, 2.88 ಮೀಟರಿನ ಮೆಟ್ರೋಬೋಗಿ 76 ಆಗುತ್ತದೆ! ಕಿರಿಯದೇ ಹಿರಿಯದಾಯಿತು.

ಉದ್ದದ ತೊಡಕು ಇನ್ನೂ ದೊಡ್ಡದು. 23.5 ಮೀಟರಿನ ಬೋಗಿ 52 ಸೆಂಟಿಮೀಟರಾಗುವುದು. ಆಟಿಕೆಯ ತಿರುವಿನ ತ್ರಿಜ್ಯವು ಬರಿಯ 32. ನಮ್ಮ ಹುಡುಗನು ಹಟಹಿಡಿದು ಲೆಕ್ಕದಂತೆಯೇ ಕಟ್ಟಿದನು. ತಿರುವಿನಲ್ಲಿ ಬೋಗಿಯ ನಡುವು ಒಳಕ್ಕೆ ಚಾಚಿ, ಎರಡು ದಿನ ಕುಳಿತು ನಿಲ್ಲಿಸಿದ್ದ ನಿಲ್ದಾಣದ ಕಂಬಗಳೆಲ್ಲ ಉರುಳಿದವು. ಅವನು ಅತ್ತುದು ಸಹಜವೇ.

ಮರುದಿನ ಉದ್ದವನ್ನು ಅರ್ಧಕ್ಕಿಳಿಸಿದೆವು. ಕಿಟಕಿಗಳನ್ನು ಸಣ್ಣದು ಮಾಡುವುದಕ್ಕಿಂತ ಅವುಗಳ ಸಂಖ್ಯೆಯನ್ನು ಕಡಮೆಮಾಡುವುದೇ ಲೇಸು. ಗಾಡಿಯ ಮುಖಚರ್ಯೆ ಕೆಡುವುದಿಲ್ಲ. ಕಿಟಕಿಗಳನ್ನು ಬಿಡಲು ಅವನು ಹೇಗೋ ಒಪ್ಪಿದನು. ಎರಡು ತುದಿಗಳ ಬಾಗಿಲುಗಳನ್ನು ಮಾತ್ರ ಬಿಡಲೊಲ್ಲನು: ಜನರು ಹತ್ತುವುದೆಲ್ಲಿಂದ, ಎಂದು ಅವನ ಪ್ರಶ್ನೆ.