ಬೆನ್ನಿಗೊಬ್ಬ ಮೇಷ್ಟ್ರು

‘ನೆಟ್ಟಗೆ ಕೂತ್ಕೊಳ್ಳೋ’ ಎಂದು ಬೈಸಿಕೊಳ್ಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಬೈಗುಳ ಕಿವಿಗೆ ಬಿದ್ದದ್ದೇ ಎದೆ ಮುಂದೆ ಬರುತ್ತದೆ, ಹೊಟ್ಟೆ ಒಳಗೆ ಹೋಗುತ್ತದೆ, ಉಸಿರು ಬಿಗಿಯುತ್ತದೆ. ಎರಡು ನಿಮಿಷಕ್ಕೆಲ್ಲ ಬೆನ್ನು ತನ್ನ ಹಳೇ ಗೂನಿಗೆ ಮರಳಿರುತ್ತದೆ. ಬೈದವರು ಅದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ. ತೊಡಕಿರುವುದು ಬೇರೆ ಕಡೆ: ವರ್ಷಗಟ್ಟಲೆ ಬಾಗಿ ಕೂತವರಿಗೆ ಆ ಬಾಗೇ ನೇರ ಅನಿಸುತ್ತಿರುತ್ತದೆ. ಹಾಗಿರುವಾಗ ತಿದ್ದಿಕೊಳ್ಳುವುದಾದರೂ ಏನನ್ನು?

ಈ ಮೋಸವನ್ನು ತನ್ನ ಮೈಮೇಲೇ ಕಂಡುಕೊಂಡ ಒಬ್ಬ ನಟನಿದ್ದ. 1869ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿದ ಎಫ್.ಎಂ. ಅಲೆಕ್ಸಾಂಡರ್ ಷೇಕ್ಸ್‌ಪಿಯರ್ ವಾಚನದಿಂದ ಹೆಸರು ಮಾಡಲು ಹೊರಟಿದ್ದವನು. ವೇದಿಕೆ ಹತ್ತಿದರೆ ಗಂಟಲು ಕಟ್ಟುತ್ತಿತ್ತು. ಪರೀಕ್ಷಿಸಿದ ವೈದ್ಯರಿಗೆ ರೋಗವೇನೂ ಸಿಗಲಿಲ್ಲ. ಕನ್ನಡಿಗಳ ಮುಂದೆ ನಿಂತು ವಾಚಿಸಿ ನೋಡಿದಾಗ, ಬಾಯಿ ತೆರೆಯುವ ಮೊದಲೇ ತಲೆಯನ್ನು ಹಿಂದಕ್ಕೆಳೆದು ಗಂಟಲನ್ನು ಅದುಮುತ್ತಿರುವುದು ಕಂಡಿತು. ಸರಿ, ತಲೆಯನ್ನು ಮುಂದೆ ತಂದರಾಯಿತು ಎಂದುಕೊಂಡ. ತಂದೆನೆಂದು ಪೂರ್ತಿ ನಂಬಿದ್ದಾಗಲೇ ಕನ್ನಡಿ ನೋಡಿದರೆ ತಲೆ ಇನ್ನೂ ಹಿಂದೆ ಹೋಗಿತ್ತು! ಮೈ ಹೇಳುವ ಸುದ್ದಿಯೇ ಸುಳ್ಳು ಎಂಬ ಈ ಅರಿವಿನ ಮೇಲೆ ಅವನು ಒಂದು ಪಾಠಕ್ರಮ ಕಟ್ಟಿದ, 1904ರಲ್ಲಿ ಲಂಡನ್ನಿಗೆ ಹೋದ. ಬರ್ನಾರ್ಡ್ ಷಾ, ಆಲ್ಡಸ್ ಹಕ್ಸ್‌ಲಿ ಅವನ ಶಿಷ್ಯರಾದರು.

ಅಲೆಕ್ಸಾಂಡರ್ ವಿಧಾನದ ಪಾಠದಲ್ಲಿ ಕಸರತ್ತಿಲ್ಲ. ಕುರ್ಚಿಯಿಂದ ಏಳುವುದು, ಕೂರುವುದು, ಮಲಗುವುದು ಇಷ್ಟೇ. ಕಲಿಸುವವರ ಕೈ ಕತ್ತಿನ ಮೇಲೋ ಬೆನ್ನ ಮೇಲೋ ಹಗುರಾಗಿ ಇರುತ್ತದೆ. ಇದೆಲ್ಲ ದೊಡ್ಡವರ ಗೀಳು ಎಂದು ತಳ್ಳಿಹಾಕುವಂತಿಲ್ಲ. ದೀರ್ಘಕಾಲದ ಬೆನ್ನುನೋವಿನ 579 ಮಂದಿಯ ಮೇಲೆ ನಡೆದ ಪ್ರಯೋಗವೊಂದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ವರ್ಷದ ಕೊನೆಗೆ, ಮಾಮೂಲಿ ಚಿಕಿತ್ಸೆ ಪಡೆದವರಿಗೆ ನಾಲ್ಕು ವಾರದಲ್ಲಿ ಸುಮಾರು 21 ದಿನ ನೋವಿದ್ದರೆ, ಒಬ್ಬರಿಗೊಬ್ಬ ಶಿಕ್ಷಕರಂತೆ 24 ಪಾಠ ಹೇಳಿಸಿಕೊಂಡವರಿಗೆ ಇದ್ದದ್ದು ಮೂರೇ ದಿನ.

ನಮ್ಮೂರುಗಳಲ್ಲಿ ಅಂಥ ಶಿಕ್ಷಕರು ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ ಕೊರಗಬೇಕಿಲ್ಲ, ಮೈಯನ್ನು ಹೊರಗಿನಿಂದ ನೋಡಿ ತಿದ್ದುವ ಇನ್ನೊಂದು ದೊಡ್ಡ ಪರಂಪರೆ ನಮ್ಮ ಮೈಸೂರಿನಿಂದಲೇ ಹೊರಟಿದೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕ್ಷಯ, ಮಲೇರಿಯಾಗಳಿಂದ ಸೊರಗಿದ್ದ ಹುಡುಗ; ಮೈಯೂ ಬಿರುಸು. ಮೈಸೂರಿನಲ್ಲಿ ಯೋಗ ಹೇಳಿಕೊಟ್ಟವರು ಭಾವ ತಿರುಮಲೈ ಕೃಷ್ಣಮಾಚಾರ್ಯರು. 1937ರಲ್ಲಿ ಅಯ್ಯಂಗಾರ್ ಪುಣೆಗೆ ಹೋದರು. 1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಮುಂಬೈಗೆ ಬಂದಾಗ ಇವರನ್ನು ಕರೆಸಿದರು. ಆತನಿಗೆ ಮೈಯೆಲ್ಲ ಬಿಗಿತ, ನಿದ್ದೆಯಿಲ್ಲ. ಐದು ನಿಮಿಷದ ಭೇಟಿ ಎಂದಿದ್ದದ್ದು ಗಂಟೆಗಟ್ಟಲೆ ನಡೆಯಿತಂತೆ. ಮುಂದೆ ಮೆನುಹಿನ್ ಕೊಟ್ಟ ಕೈಗಡಿಯಾರದ ಮೇಲೆ ಅಯ್ಯಂಗಾರರನ್ನು ತಮ್ಮ ಪಿಟೀಲಿನ ಗುರು ಎಂದೇ ಕೆತ್ತಿಸಿದ್ದರು.

ಅಯ್ಯಂಗಾರ್ ಪದ್ಧತಿಯ ಹೆಚ್ಚುಗಾರಿಕೆ ನೋಟದಲ್ಲಿದೆ. ಹೆಬ್ಬೆರಳ ಬುಡ ನೆಲಕ್ಕೆ ಊರಿದೆಯೇ, ಮಂಡಿ ಯಾವ ದಿಕ್ಕಿಗಿದೆ, ಎಡಹೆಗಲು ಕಿವಿಯತ್ತ ಏರಿದೆಯೇ ಎಂದು ಇಂಚಿಂಚೂ ನೋಡುತ್ತಾರೆ. ಬಗ್ಗಲಾಗದವರಿಗೆ ಮರದ ಇಟ್ಟಿಗೆ, ಬೆಲ್ಟು, ಗೋಡೆಯ ಹಗ್ಗ, ಕುರ್ಚಿ. ಅಯ್ಯಂಗಾರರ ಅಂಗೈ ಏಟೂ ಅಷ್ಟೇ ಹೆಸರಾದದ್ದು. ಏಟನ್ನು ಅನುಕರಿಸುವ ಮೇಷ್ಟ್ರುಗಳು ಈಗಲೂ ಇದ್ದಾರೆ. ಆ ಕಣ್ಣು ಮಾತ್ರ ಅವರಿಗೆ ಬಂದಿರುವುದಿಲ್ಲ. ಮುಟ್ಟುವ ಮೊದಲು ಕೇಳದವರ ತರಗತಿಗೆ ಎರಡನೇ ದಿನ ಹೋಗಬೇಕಿಲ್ಲ.

ಹಾಗಾದರೆ ಹುಡುಕುವುದು ಹೇಗೆ? ಗೋಡೆಯ ಮೇಲಿನ ಪದಕ, ಫೋಟೊಗಳನ್ನು ಬಿಡಿ. ಒಂದು ದಿನ ಸುಮ್ಮನೆ ಕೂತು ತರಗತಿ ನೋಡುತ್ತೇನೆ ಎನ್ನಿ. ಮೇಷ್ಟ್ರು ಇಡೀ ಗಂಟೆ ತಾವೇ ಚಾಪೆಯ ಮೇಲೆ ಆಸನ ಹಾಕುತ್ತಿದ್ದರೆ ಯಾರ ಬೆನ್ನನ್ನೂ ನೋಡುತ್ತಿಲ್ಲ ಎಂದೇ ಅರ್ಥ. ನಲವತ್ತು ಜನರ ಸಭಾಂಗಣದಲ್ಲಿ ಬೆವರು ಬರಬಹುದು, ಬೆನ್ನು ತಿದ್ದುವುದು ಕಷ್ಟ. ಒಳ್ಳೆಯವರು ಮೊದಲು ನಿಮ್ಮನ್ನು ಪಕ್ಕದಿಂದ ನಿಲ್ಲಿಸಿ ನೋಡುತ್ತಾರೆ; ದಿನಕ್ಕೆಷ್ಟು ಹೊತ್ತು ಕೂರುತ್ತೀರಿ, ಚೀಲ ಯಾವ ಹೆಗಲಿಗೆ ಎಂದು ವಿಚಾರಿಸುತ್ತಾರೆ. ಕನ್ನಡಕದ ಬಗ್ಗೆ ಕೇಳಿದರಂತೂ ಅವರನ್ನು ಬಿಡಬೇಡಿ. ದೂರಕ್ಕೂ ಓದಿಗೂ ಒಂದೇ ಗಾಜಿರುವ ಕನ್ನಡಕ ಹಾಕಿದವರು ಕಂಪ್ಯೂಟರ್ ನೋಡಲು ಗದ್ದ ಎತ್ತಿ ಎತ್ತಿ ಕತ್ತು ಕೆಡಿಸಿಕೊಳ್ಳುತ್ತಾರೆ. ಅದನ್ನು ಆಸನ ಸರಿಮಾಡದು.

ಇನ್ನೊಂದು ಗುರುತಿದೆ. ಮೊದಲ ಪಾಠ ಮುಗಿದು ಎದ್ದಾಗ, ಎಲ್ಲಿಗೋ ವಾಲಿ ನಿಂತಂತೆ ವಿಚಿತ್ರ ಅನಿಸಬಹುದು. ಕನ್ನಡಿಯಲ್ಲಿ ನೋಡಿದರೆ ನೆಟ್ಟಗೇ ಇರುತ್ತೀರಿ. ಅಲೆಕ್ಸಾಂಡರನಿಗಾದದ್ದರ ತಿರುವುಮುರುವು ಇದು. ಮೇಷ್ಟ್ರು ಕೆಲಸ ಶುರುಮಾಡಿದ್ದಾರೆ.

ನೋವಿದ್ದರೆ ಮೊದಲು ಫಿಸಿಯೋಥೆರಪಿಸ್ಟ್ ಬಳಿ ಹೋಗುವುದು ಲೇಸು. ಕಾಲು ಜೋಮು ಹಿಡಿಯುವುದು, ಬಲ ಕಳೆದುಕೊಳ್ಳುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ಯಾವ ಮೇಷ್ಟ್ರೂ ಬೇಡ, ನೇರ ಆಸ್ಪತ್ರೆ. ಇಂದಿನ ಫಿಸಿಯೋಥೆರಪಿಸ್ಟ್‌ಗಳಲ್ಲಿ ಅನೇಕರು ಎಲ್ಲರಿಗೂ ಹೊಂದುವ ಒಂದೇ ‘ಸರಿಯಾದ’ ಭಂಗಿ ಇದೆಯೆಂದು ಒಪ್ಪುವುದಿಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರುವುದೇ, ಅದು ಎಷ್ಟೇ ನೆಟ್ಟಗಿರಲಿ, ಮೈಗೆ ತ್ರಾಸ. ಹಾಗಾಗಿ ‘ಹೀಗೇ ಬಿಟ್ಟರೆ ಐದು ವರ್ಷಕ್ಕೆ ಹಾಸಿಗೆ ಹಿಡಿಯುತ್ತೀರಿ’ ಎಂದು ಹೆದರಿಸಿ ವರ್ಷದ ಪ್ಯಾಕೇಜ್ ಮಾರುವವರಿಗೂ, ಹೆಗಲಿಗೆ ಬಿಗಿಯುವ ಪಟ್ಟಿ ಮಾರುವವರಿಗೂ ದೂರದಿಂದಲೇ ಕೈಮುಗಿಯಿರಿ.

ಮಕ್ಕಳ ವಿಷಯದಲ್ಲಿ ಮಾತ್ರ ಕಾಯಬಾರದು. ಹತ್ತರಿಂದ ಹದಿನೈದರ ನಡುವಿನ ಮಗುವನ್ನು ಅಂಗಿ ತೆಗೆಸಿ, ಕಾಲು ಜೋಡಿಸಿ ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿ. ಪಕ್ಕೆಯ ಒಂದು ಕಡೆ ಉಬ್ಬಿ ಕಂಡರೆ ಬೆನ್ನುಮೂಳೆ ಪಕ್ಕಕ್ಕೆ ಡೊಂಕಾಗಿರಬಹುದು. ಅದು ಬೈದರೂ ಹೋಗದು, ಬರೀ ಆಸನಕ್ಕೂ ಬಗ್ಗದು. ಮೂಳೆ ತಜ್ಞರು ಎಕ್ಸ್-ರೇ ತೆಗೆಸಿ ಡೊಂಕನ್ನು ಅಳೆಯುತ್ತಾರೆ. ಬ್ರೇಸ್ ಬೇಕಾದರೆ ಅದು ಕೆಲಸ ಮಾಡುವುದು ಮಗು ಇನ್ನೂ ಬೆಳೆಯುತ್ತಿರುವವರೆಗೆ ಮಾತ್ರ.