ಗುಂಡನ ಗೊರಕೆಗೆ ನಾವು ನಗುತ್ತಿದ್ದೆವು

ಎರಡು ವರ್ಷದ ಹಿಂದೆ ದೊಡ್ಡಮ್ಮನ ಮಗ ಕೆಲಸಕ್ಕೆಂದು ವಿದೇಶಕ್ಕೆ ಹೊರಟಾಗ ತನ್ನ ಪಗ್ ನಾಯಿಯನ್ನು ಕಲ್ಯಾಣಪುರದ ನಮ್ಮ ಮನೆಯಲ್ಲಿ ಬಿಟ್ಟುಹೋದ. ಹೆಸರು ಗುಂಡ. ಸುಕ್ಕುಗಟ್ಟಿದ ಮುಖ, ಚಪ್ಪಟೆ ಮೂಗು, ಸುರುಳಿ ಬಾಲ. "ಇದೆಂಥ, ಹುಟ್ಟುವಾಗಲೇ ಮುದುಕ ಆಗಿದ್ದಾನೆ" ಅಂತ ಅಜ್ಜಿ ನಕ್ಕಿದ್ದರು. ರಾತ್ರಿ ಅವನ ಗೊರಕೆ ಅಪ್ಪನ ಗೊರಕೆಯನ್ನೂ ಮೀರಿಸುತ್ತಿತ್ತು. ನಾನು ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕುತ್ತಿದ್ದೆ.

ಕಳೆದ ಏಪ್ರಿಲ್‌ನಲ್ಲಿ ಒಂದು ದಿನ ಬೆಳಗ್ಗೆ 11 ಗಂಟೆಗೆ ಅವನನ್ನು ಸಂತೆಕಟ್ಟೆವರೆಗೆ ನಡೆಸಿಕೊಂಡು ಹೋದೆ. ವಾಪಸ್ ಬರುವಾಗ ಅರ್ಧ ದಾರಿಯಲ್ಲೇ ಕುಸಿದ. ನಾಲಗೆ ನೀಲಿಯಾಗಿತ್ತು. ಹತ್ತಿರದ ಮನೆಯವರು ಬಾವಿ ನೀರು ಸೇದಿ ಮೈಮೇಲೆ ಸುರಿದರು. ಅಲ್ಲಿಂದ ರಿಕ್ಷಾದಲ್ಲಿ ಪಶುವೈದ್ಯರ ಬಳಿಗೆ ಓಡಿದೆ. ಗುಂಡ ಬದುಕಿದ. "ನೀರು ಹಾಕಿದ್ದು ಒಳ್ಳೇದಾಯ್ತು. ಆದ್ರೆ ಈ ಬಿಸಿಲಲ್ಲಿ ಇವನನ್ನು ನಡೆಸುವುದಾ ಮಾರಾಯ?" ಎಂದು ವೈದ್ಯರು ಗದರಿದರು.

ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಹೀಟ್ ಟ್ರಾನ್ಸ್‌ಫರ್ ಲೆಕ್ಕ ಮಾಡುವವನಿಗೆ ಇದು ಹೊಳೆಯಲಿಲ್ಲ ನೋಡಿ! ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು, ಮೂಗು ಬಾಯಿಯ ತೇವವನ್ನು ಆವಿಯಾಗಿಸಿ ತಂಪಾಗುತ್ತದೆ. ಉದ್ದ ಮೂತಿಯೇ ಅದರ ರೇಡಿಯೇಟರ್. ಪಗ್‌ಗೆ ಅದೇ ಇಲ್ಲ. ಮೂತಿಯ ಮೂಳೆ ಗಿಡ್ಡವಾದರೂ ಒಳಗಿನ ಮೆತ್ತನೆ ಭಾಗ ಅಷ್ಟು ಕುಗ್ಗಿಲ್ಲ. ಹಾಗಾಗಿ ಉಸಿರಿನ ದಾರಿ ಇಕ್ಕಟ್ಟು. ನಾವು ನಗುತ್ತಿದ್ದ ಗೊರಕೆ ಅದರದ್ದೇ ಸದ್ದು. ಸಾಲದ್ದಕ್ಕೆ ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಆವಿಯಾಗುವುದೂ ನಿಧಾನ.

ಪಗ್ ಮೊದಲಿನಿಂದ ಇಷ್ಟು ಚಪ್ಪಟೆ ಮುಖದ್ದಲ್ಲ. ಮೂಲ ಚೀನಾ. 16ನೇ ಶತಮಾನದ ಹೊತ್ತಿಗೆ ಡಚ್ಚರ ನಾಡು ತಲುಪಿತ್ತು. ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಗಾರ್ತ್ 1745ರಲ್ಲಿ ತನ್ನ ಜೊತೆ ತನ್ನ ಪಗ್ ಅನ್ನೂ ಚಿತ್ರಿಸಿದ್ದಾನೆ. ಅದಕ್ಕೆ ಮೂತಿ ಚೆನ್ನಾಗಿಯೇ ಇದೆ! ಆಮೇಲೆ ಮುಖ ಚಪ್ಪಟೆಯಿದ್ದಷ್ಟೂ ಮುದ್ದು ಅಂತ ಜನ ಅಂಥವನ್ನೇ ಆರಿಸಿ ಮರಿ ಮಾಡಿಸಿದರು. ನಮ್ಮಲ್ಲಿ 2003ರ ಹಚ್ ಜಾಹೀರಾತು ಅದನ್ನು ಮನೆಮಾತಾಗಿಸಿತು. ಅತ್ತ ಒಂದು ಕಾಲಕ್ಕೆ ಪಗ್ ಅನ್ನು ಮೆರೆಸಿದ ನೆದರ್‌ಲೆಂಡ್ಸ್‌ನಲ್ಲಿ ಈಗ ಅತಿ ಗಿಡ್ಡ ಮೂತಿಯ ನಾಯಿಗಳಿಂದ ಮರಿ ಮಾಡಿಸಲು ನಿರ್ಬಂಧವಿದೆ.

ಈಗ ಗುಂಡನ ವಾಕಿಂಗ್ ಬೆಳಗ್ಗೆ 6ಕ್ಕೆ. ಕುತ್ತಿಗೆ ಬೆಲ್ಟ್ ಬದಲು ಎದೆಗೆ ಕಟ್ಟುವ ಪಟ್ಟಿ. ಸುಕ್ಕಿನ ಸಂದುಗಳನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒತ್ತಬೇಕು. ಮಳೆಗಾಲದಲ್ಲಿ ನಮ್ಮ ಬಟ್ಟೆಯೇ ಒಣಗುವುದಿಲ್ಲ, ಆ ಸಂದು ತಾನಾಗಿ ಒಣಗುತ್ತದೆಯೇ? ಬಿಟ್ಟರೆ ವಾಸನೆ, ಹುಣ್ಣು. ಕಣ್ಣು ಮುಂದಕ್ಕೆ ಚಾಚಿರುವುದರಿಂದ ಮುಳ್ಳುಗಿಡದ ಹತ್ತಿರ ಬಿಡುವ ಹಾಗಿಲ್ಲ. ಪಗ್‌ನ ತೂಕ 6ರಿಂದ 8 ಕಿಲೋ ಇದ್ದರೆ ಸರಿ. ಗುಂಡ 11 ಇದ್ದ. ಅಜ್ಜಿಯ ಕದ್ದುಮುಚ್ಚಿದ ಬಂಗುಡೆ ಸೇವೆ ನಿಲ್ಲಿಸುವುದೇ ದೊಡ್ಡ ಯುದ್ಧವಾಯಿತು.

ಮೊನ್ನೆ ಕ್ಲಾಸ್‌ಮೇಟ್ ಒಬ್ಬ, "ಪಗ್ ಮರಿ ಎಲ್ಲಿ ಸಿಗ್ತದೆ ಮಾರಾಯ?" ಅಂತ ಕೇಳಿದ. ಗುಂಡ ಮಲಗಿರುವ ಹಳೇ ವಿಡಿಯೊ ಕಳಿಸಿದೆ. ಇಯರ್‌ಫೋನ್ ಹಾಕಿಕೊಂಡು ಕೇಳು ಅಂದೆ.