ಹಳೇ ಕಾರಿನ ಬೆನ್ನ ಹಿಂದಿನ ಬೆಳಕು

‘ಬ್ರೇಕ್ ಒತ್ತಿ ಸಾರ್’ ಎಂದು ಕಾರಿನ ಹಿಂದಿನಿಂದ ಕೂಗು ಬಂತು. ಒತ್ತಿದೆ. ‘ಬಿಡಿ.’ ಬಿಟ್ಟೆ. ‘ಇನ್ನೊಂದ್ಸಲ ಒತ್ತಿ.’ ಆಮೇಲೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಕೊನೆಗೆ ಅವರೇ ಎದ್ದು ಬಂದು, ಸೀಟಿಗೂ ಪೆಡಲಿಗೂ ನಡುವೆ ಒಂದು ಮರದ ತುಂಡು ಸಿಕ್ಕಿಸಿ, ನನ್ನನ್ನು ಹಿಂದಕ್ಕೆ ಕರೆದೊಯ್ದರು. ‘ನೋಡಿ, ನಿಮ್ಮ ಗಾಡಿ ಬ್ರೇಕ್ ಹಾಕಿದ್ರೆ ಇಂಡಿಕೇಟರ್ ಹತ್ತುತ್ತೆ.’ ನಿಜವೇ. ಎಡಗಡೆಯ ಬ್ರೇಕ್ ದೀಪ ಅರ್ಧ ಜೀವ ಹಿಡಿದಿತ್ತು, ಅದರ ಪಕ್ಕದ ಇಂಡಿಕೇಟರ್ ಮಿಣುಕುಹುಳದಂತೆ ಸುಮ್ಮನೆ ಹೊಳೆಯುತ್ತಿತ್ತು.

ಇದು ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಡ್ಡರಸ್ತೆ. ಟೌನ್‌ಹಾಲ್‌ನಿಂದ ಮಿನರ್ವ ವೃತ್ತದವರೆಗೆ ಬಿಡಿಭಾಗದ ಅಂಗಡಿಗಳೇ ತುಂಬಿರುವ ಈ ರಸ್ತೆಯ ಸಂದಿಗಳಲ್ಲಿ, ಬೋರ್ಡೂ ಇಲ್ಲದೆ ಒಂದು ಸ್ಟೂಲು, ಒಂದು ಟೂಲ್ ಬಾಕ್ಸು, ಒಂದು ಟೆಸ್ಟ್ ಲ್ಯಾಂಪು ಇಟ್ಟುಕೊಂಡು ಕೂತವರು ಆಟೋ ಎಲೆಕ್ಟ್ರಿಷಿಯನ್‌ಗಳು. ನನ್ನ ಕಾರು ನೋಡುವವರನ್ನು ಎಲ್ಲರೂ ‘ಭಾಯ್’ ಅನ್ನುತ್ತಾರೆ, ನಾನೂ ಹಾಗೇ. ಕಾರು ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ. ಹಿಂಬದಿಯ ರೆಕ್ಕೆಯ ತುದಿಯಲ್ಲಿ ನೀಳವಾಗಿ ನಿಂತ ದೀಪಗಳೇ ಅದರ ಚೆಲುವು. ಆದರೆ ಆ ಚೆಲುವು ಹಗಲಿಗೆ ಮಾತ್ರ. ರಾತ್ರಿ ಹಿಂದೆ ಬರುವ ಲಾರಿಯವರಿಗೆ ಅದು ಕಾಣಿಸಿದರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಎಲ್‌ಇಡಿ ಹಾಕಿಸಲು ಹೋಗಿದ್ದೆ. ಬಲ್ಬ್ ಕಿತ್ತು ಬಲ್ಬ್ ಹಾಕುವುದು, ಹತ್ತು ನಿಮಿಷದ ಕೆಲಸ ಅಂದುಕೊಂಡು.

ಹಳೇ ಕಾರಿನ ಹಿಂದೀಪಕ್ಕೆ ಸಾಮಾನ್ಯವಾಗಿ ಹಾಕುವುದು ಡಬಲ್ ಕಾಂಟ್ಯಾಕ್ಟ್ ಬಲ್ಬು. ಒಂದೇ ಗಾಜಿನೊಳಗೆ ಎರಡು ಎಳೆ: 5 ವಾಟಿನದು ಪಾರ್ಕಿಂಗ್‌ಗೆ, 21 ವಾಟಿನದು ಬ್ರೇಕ್‌ಗೆ. ತಲೆಕೆಳಗಾಗಿ ಕೂರಬಾರದೆಂದು ಬುಡದ ಎರಡು ಮೊಳೆಗಳನ್ನು ಒಂದು ಮೇಲೆ, ಒಂದು ಕೆಳಗೆ ಇಟ್ಟಿರುತ್ತಾರೆ. ಎಲ್‌ಇಡಿ ಬಲ್ಬುಗಳೂ ಇದೇ ಬುಡದಲ್ಲಿ ಸಿಗುತ್ತವೆ, ಹಾಗಾಗಿ ಕೂರುವುದೇನೋ ಸಲೀಸಾಗಿ ಕೂರುತ್ತವೆ. ತಕರಾರು ಶುರುವಾಗುವುದು ಆಮೇಲೆ.

‘ಮೊದ್ಲು ಅರ್ಥ್, ಬಲ್ಬ್ ಆಮೇಲೆ’ ಅಂದರು ಭಾಯ್. ದೀಪದಿಂದ ಹೊರಟ ಕರೆಂಟು ಕಾರಿನ ತಗಡಿನ ಮೂಲಕವೇ ಬ್ಯಾಟರಿಗೆ ಮರಳಬೇಕು. ಹೋಲ್ಡರಿನ ಬುಡಕ್ಕೆ ತುಕ್ಕು ಹಿಡಿದರೆ ಆ ದಾರಿ ಮುಚ್ಚಿಹೋಗುತ್ತದೆ. ಆಗ ಕರೆಂಟು ಪಕ್ಕದ ಇಂಡಿಕೇಟರ್ ಬಲ್ಬಿನ ಎಳೆಯೊಳಗೆ ನುಗ್ಗಿ, ಮುಂಬದಿಯ ದೀಪದಿಂದ ಹೊರಬರುತ್ತದೆ. ನನ್ನ ಮಿಣುಕುಹುಳದ ಗುಟ್ಟು ಅದು. ಹಳೇ ಬಲ್ಬು ಇಂಥದ್ದನ್ನೆಲ್ಲ ಮಂಕಾಗಿ ಉರಿದು ಸಹಿಸಿಕೊಳ್ಳುತ್ತದೆ. ಎಲ್‌ಇಡಿಗೆ ಅಷ್ಟು ತಾಳ್ಮೆಯಿಲ್ಲ. ಒಂದೋ ಹತ್ತುವುದೇ ಇಲ್ಲ, ಇಲ್ಲವೇ ಹತ್ತಬಾರದಾಗ ಹತ್ತುತ್ತದೆ. ಎಮರಿ ಪೇಪರಿನಲ್ಲಿ ಹೋಲ್ಡರನ್ನು ಹಿತ್ತಾಳೆ ಹೊಳೆಯುವವರೆಗೆ ಉಜ್ಜಿ, ಎರಡೂ ದೀಪಗಳಿಂದ ಕಪ್ಪು ವೈರೊಂದನ್ನು ಕಾರಿನ ತಗಡಿಗೆ ಬಿಗಿದು, ಬೋಲ್ಟಿನ ಮೇಲೆ ಗ್ರೀಸ್ ಸವರುವ ಹೊತ್ತಿಗೆ ಮಧ್ಯಾಹ್ನವಾಯಿತು. ಇಷ್ಟಕ್ಕೇ ಹಳೇ ಬಲ್ಬುಗಳು ಎಷ್ಟು ಚೆನ್ನಾಗಿ ಉರಿದವೆಂದರೆ, ಎಲ್‌ಇಡಿ ಬೇಕೇ ಎಂದು ನನಗೇ ಅನುಮಾನ ಬಂತು.

ಬೇಕಿತ್ತು. ಎಳೆಯ ಬಲ್ಬು ಕಾದು ಕೆಂಪಾಗಿ ಪೂರ್ತಿ ಬೆಳಕು ಕೊಡಲು ಹೆಚ್ಚುಕಡಿಮೆ ಒಂದು ಸೆಕೆಂಡಿನ ಐದನೇ ಒಂದು ಭಾಗ ಹಿಡಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂದೆ ಬರುವವನು ಅಷ್ಟರಲ್ಲಿ ಮೂರು ಮೀಟರಿಗಿಂತ ಹೆಚ್ಚು ಮುಂದೆ ಬಂದಿರುತ್ತಾನೆ. ಎಲ್‌ಇಡಿ ಕಾಲು ಪೆಡಲಿಗೆ ತಾಕಿದ ಕೂಡಲೇ ಹತ್ತುತ್ತದೆ. ಇನ್ನೊಂದು ಲಾಭ ಡೈನಮೋ ಇರುವ ಕಾರುಗಳಿಗೆ. ಸಿಗ್ನಲ್ಲಿನಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಚಾರ್ಜ್ ಮಾಡುವುದು ಅಷ್ಟಕ್ಕಷ್ಟೆ. ಆ ಹೊತ್ತಿನಲ್ಲೇ ಎರಡು ಬ್ರೇಕ್ ದೀಪಗಳು ಮೂರೂವರೆ ಆಂಪಿಯರ್ ನುಂಗುತ್ತಿರುತ್ತವೆ. ಎಲ್‌ಇಡಿಗೆ ಅದರ ಒಂದು ಚೂರು ಸಾಕು.

ಬಣ್ಣದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೆ. ಬಿಳಿ ಬಲ್ಬುಗಳನ್ನು ಹಿಡಿದುಕೊಂಡೇ ಹೋಗಿದ್ದೆ. ಕೆಂಪು ಗಾಜಿನ ಹಿಂದೆ ಅದನ್ನು ಹಚ್ಚಿದರೆ ಬಂದದ್ದು ಸವೆದ ಸೀರೆಯ ಗುಲಾಬಿ. ಬಿಳಿ ಎಲ್‌ಇಡಿ ಮೂಲತಃ ಹಳದಿ ಪುಡಿ ಬಳಿದ ನೀಲಿ ದೀಪ. ಅದರಲ್ಲಿ ಕೆಂಪಿನ ಪಾಲು ಕಡಿಮೆ. ಎಳೆಯ ಬಲ್ಬಿನಲ್ಲಾದರೆ ಕೆಂಪು ಧಾರಾಳ, ಗಾಜು ಉಳಿದದ್ದನ್ನು ಸೋಸಿ ಕೆಂಪನ್ನಷ್ಟೇ ಬಿಡುತ್ತದೆ. ಆದ್ದರಿಂದ ಕೆಂಪು ಗಾಜಿಗೆ ಕೆಂಪು ಎಲ್‌ಇಡಿ, ಕಿತ್ತಳೆ ಗಾಜಿಗೆ ಕಿತ್ತಳೆಯದು. ಆದರೆ ಕೆಲವು ಕಾರುಗಳಲ್ಲಿ ಅದೇ ಬಲ್ಬು ಪಕ್ಕದ ಕಿಟಕಿಯಿಂದ ನಂಬರ್ ಪ್ಲೇಟಿಗೂ ಬೆಳಕು ಕೊಡುತ್ತದೆ. ಅಲ್ಲಿ ಕೆಂಪು ಹಾಕಿದರೆ ನಂಬರ್ ಪ್ಲೇಟೂ ಕೆಂಪು.

ಕಣ್ಣಿಗೆ ಕಾಣುವ ಮೊದಲ ಕೆಂಪು ಎಲ್‌ಇಡಿಯನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ನಿಕ್ ಹೊಲೊನ್ಯಾಕ್ ಮಾಡಿ ತೋರಿಸಿದ್ದು 1962ರಲ್ಲಿ. ಪದ್ಮಿನಿಯ ಪೂರ್ವಜ ಫಿಯೆಟ್ 1100 ಡಿಲೈಟ್ ಮುಂಬೈನ ಕುರ್ಲಾದಿಂದ ಹೊರಬಂದದ್ದು ಅದಕ್ಕೆ ಒಂದೆರಡು ವರ್ಷದ ಈಚೆ. ಅಂದರೆ ಇವೆರಡೂ ಓರಗೆಯವು, ಭೇಟಿಯಾದದ್ದು ಮಾತ್ರ ತಡವಾಗಿ. 

ಮಧ್ಯಾಹ್ನದ ಊಟವಾದ ಮೇಲೆ ಇಂಡಿಕೇಟರ್ ಹಾಕಿದೆವು. ಹತ್ತಿತು, ಆದರೆ ಮಿಟುಕಲಿಲ್ಲ. ಹಳೇ ಫ್ಲಾಶರ್ ಎಂಬ ಡಬ್ಬಿಯೊಳಗೆ ಇರುವುದು ಕಾದರೆ ಬಾಗುವ ಒಂದು ಲೋಹದ ಪಟ್ಟಿ. ಎರಡು 21 ವಾಟಿನ ಬಲ್ಬುಗಳ ಕರೆಂಟು ಹರಿದಾಗಲೇ ಅದು ಬೇಕಾದಷ್ಟು ಬಿಸಿಯಾಗಿ ‘ಟಿಕ್’ ಎಂದು ಬಾಗುವುದು. ಎರಡು ಮೂರು ವಾಟಿನ ಎಲ್‌ಇಡಿಯಿಂದ ಅದಕ್ಕೆ ಬೆಚ್ಚಗೂ ಆಗುವುದಿಲ್ಲ. ಎಳೆಯ ಬಲ್ಬಿನ ಹಸಿವನ್ನೇ ನಂಬಿ ಇಡೀ ವೈರಿಂಗನ್ನು ಹೆಣೆದಿದ್ದಾರೆ ಎನ್ನುವುದು ನನಗೆ ಹೊಳೆದದ್ದು ಆಗ. ಕೆಲವರು ಇದಕ್ಕೆ ಒಂದು ರೆಸಿಸ್ಟರ್ ಕಟ್ಟಿ ಹಳೇ ಹಸಿವನ್ನೇ ನಾಟಕ ಮಾಡಿಸುತ್ತಾರೆ. ಅದು ಕೈ ಸುಡುವಷ್ಟು ಕಾಯುತ್ತದೆ, ಉಳಿಸಿದ ಕರೆಂಟನ್ನು ಅದೇ ತಿನ್ನುತ್ತದೆ. ನನಗಂತೂ ಅದು ಸರಿ ಕಾಣಲಿಲ್ಲ, ಭಾಯ್‌ಗೂ ಕಾಣಲಿಲ್ಲ. ಎಲೆಕ್ಟ್ರಾನಿಕ್ ಫ್ಲಾಶರ್ ಹಾಕಿದರು.

ಇದಕ್ಕಿಂತ ತಲೆತಿನ್ನುವ ಕೇಸು ಪಕ್ಕದಲ್ಲೇ ನಿಂತಿದ್ದ ಇನ್ನೊಂದು ಹಳೇ ಕಾರಿನದು. ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ನಾಲ್ಕೂ ದೀಪ ಮಿಟುಕುತ್ತಿದ್ದವು. ಕೆಲವು ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಎರಡೂ ಬದಿಗೆ ಒಂದೇ ಪುಟ್ಟ ಬಲ್ಬು ಇರುತ್ತದೆ. ಎಡದ ಕರೆಂಟು ಅದರ ಮೂಲಕ ಬಲದ ದೀಪಗಳನ್ನು ದಾಟಿ ಅರ್ಥ್ ಸೇರುತ್ತದೆ. ಎಳೆಯ ಬಲ್ಬುಗಳನ್ನು ಹಚ್ಚಲು ಅಷ್ಟು ಸಾಲದು, ಎಲ್‌ಇಡಿಗೆ ಧಾರಾಳ ಸಾಕು. ಹುಡುಗನೊಬ್ಬ ಎಸ್.ಪಿ. ರಸ್ತೆಗೆ ಓಡಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಡಯೋಡ್ ತಂದ. ಅವನ್ನು ಎರಡು ಬದಿಯಿಂದ ಬೆಸೆದು, ಬಲ್ಬಿನ ಇನ್ನೊಂದು ಕಾಲನ್ನು ಕಾರಿನ ತಗಡಿಗೆ ಸೇರಿಸಿದ್ದೇ ತಡ, ದೀಪಗಳು ತಮ್ಮ ತಮ್ಮ ಬದಿಗೆ ಮರಳಿದವು. ಮಾರಿಸ್ ಮೈನರ್‌ನಂಥ ಹಳೇ ಬ್ರಿಟಿಷ್ ಕಾರುಗಳದು ಮತ್ತೊಂದು ಕಥೆ: ಅವುಗಳಲ್ಲಿ ತಗಡಿಗೆ ಸೇರುವುದು ಬ್ಯಾಟರಿಯ ಪ್ಲಸ್. ಸಾಮಾನ್ಯ ಎಲ್‌ಇಡಿ ಅಲ್ಲಿ ಹತ್ತುವುದಿಲ್ಲ, ಅಂಥ ಕಾರಿಗೆಂದೇ ಕೇಳಿ ತರಬೇಕು.

ಭಾಯ್ ಮೂಲ ಹೋಲ್ಡರಿಗೆ ಕತ್ತರಿ ಹಾಕಲಿಲ್ಲ, ಮೂಲ ವೈರನ್ನೂ ಮುಟ್ಟಲಿಲ್ಲ. ಕಿತ್ತ ಬಲ್ಬುಗಳನ್ನೂ ಹಳೇ ಫ್ಲಾಶರನ್ನೂ ಪೇಪರಿನಲ್ಲಿ ಸುತ್ತಿ ಗ್ಲೋವ್ ಬಾಕ್ಸಿನಲ್ಲಿಟ್ಟು, ‘ಬಿಸಾಕ್ಬೇಡಿ ಸಾರ್, ಎಂದಾದ್ರೂ ಬೇಕಾಗುತ್ತೆ’ ಅಂದರು. 50 ವರ್ಷ ದಾಟಿದ ಕಾರುಗಳಿಗೆ 2021ರಿಂದ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ ಇದೆ. ಮೂಲರೂಪ ಕೆಡದಿರುವುದು ಅಲ್ಲಿ ಮುಖ್ಯ. ಆ ಕಾನೂನನ್ನು ಭಾಯ್ ಓದಿದ್ದಾರೋ ಇಲ್ಲವೋ ನಾನು ಕೇಳಲಿಲ್ಲ.

ಸಂಜೆ ಕಾರು ತೆಗೆದುಕೊಂಡು ಲಾಲ್‌ಬಾಗ್ ಕಡೆ ಹೊರಟೆ. ಪಶ್ಚಿಮ ಗೇಟಿನ ಹತ್ತಿರ ಪಕ್ಕಕ್ಕೆ ಬಂದ ಆಟೋದವನು ತಲೆ ಹೊರಹಾಕಿ, ‘ಆಗ್ಲಿಂದ ಇಂಡಿಕೇಟರ್ ಹಾಕ್ಕೊಂಡು ಎಲ್ಲಿಗೆ ಸಾರ್ ಹೊರಟ್ರಿ?’ ಎಂದು ಕೇಳಿದ. ಹೊಸ ಫ್ಲಾಶರಿಗೆ ಟಿಕ್ ಟಿಕ್ ಸದ್ದೇ ಇಲ್ಲ. ಅಷ್ಟು ವರ್ಷ ನಾನು ಇಂಡಿಕೇಟರ್ ಆರಿಸುತ್ತಿದ್ದದ್ದು ಆ ಸದ್ದು ಕೇಳಿ. ಮರುದಿನ ಮತ್ತೆ ಅದೇ ಸಂದಿಗೆ ಹೋಗಿ, ಒಂದು ಪುಟ್ಟ ಬಜರ್ ಹಾಕಿಸಿಕೊಂಡು ಬಂದೆ.